ಮದರಾಸಿನಲ್ಲಿ ಸೀರೆಯ ಮಡಿಕೆ ಬಿಚ್ಚುವ ಮುನ್ನ

ಕಟಕ ರೊಟ್ಟಿಯನ್ನು ನಂಬಿ ಮದರಾಸಿಗೆ ಹೋಗಬೇಡಿ. ಉಳಿದದ್ದನ್ನೆಲ್ಲ ಮರೆತರೂ ಇದೊಂದನ್ನು ನೆನಪಿಡಿ. ನಮ್ಮ ಇಳಕಲ್ಲಿನ ಒಣ ಹವೆಯಲ್ಲಿ ಜೋಳದ ರೊಟ್ಟಿಯನ್ನು ಗರಿಗರಿಯಾಗಿ ಒಣಗಿಸಿ ಬುಟ್ಟಿಯಲ್ಲಿಟ್ಟರೆ ವಾರಗಳು ಕಳೆದರೂ ಮುರಿದಾಗ ಕಟಕ್ಕೆಂದು ಸದ್ದು ಮಾಡುತ್ತದೆ. ಆ ಸದ್ದಿನ ಮೇಲೆ ಭರವಸೆಯಿಟ್ಟು ನಾವು ಬಾದಾಮಿಗಾಗಲಿ ಬಾಗಲಕೋಟೆಗಾಗಲಿ, ಅರಿವೆಯಲ್ಲಿ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುವ ಜನ. ಮದರಾಸಿನ ಗಾಳಿ ಬೇರೆ, ಅದರೊಳಗೆ ಸಮುದ್ರವಿದೆ. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಇಳಿದಾಗ ಹಪ್ಪಳದಂತಿದ್ದ ರೊಟ್ಟಿ ಸಂಜೆಯ ಹೊತ್ತಿಗೆ ತೊಳೆದು ಹಿಂಡಿದ ಅರಿವೆಯಾಗಿರುತ್ತದೆ. ಮರುದಿನ ಅದರ ಮೇಲೆ ಬೂದು ಬಣ್ಣದ ಬೂಸ್ಟು ಬಂದು ಕುಳಿತಿರುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇಳಕಲ್ಲಿನ ಒಂದು ನೇಕಾರರ ಸಂಘದಲ್ಲಿ ಕಾರಕೂನನಾಗಿದ್ದೆ. ಪತ್ರ ಬರೆಯುವುದು, ಗಂಟು ಕಟ್ಟಿಸುವುದು, ಸೀರೆಯ ಮಾದರಿ ಹಿಡಿದು ಊರೂರು ತಿರುಗುವುದು ನನ್ನ ಕೆಲಸ. ಹಾಗೆ ಮದರಾಸಿಗೂ ನಾಲ್ಕಾರು ಸಲ ಹೋಗಿ ಬಂದವನಾದ್ದರಿಂದ, ಈಗಲೂ ನಮ್ಮ ಓಣಿಯಲ್ಲಿ ಯಾರಾದರೂ ಕೆಲಸದ ಮೇಲೆ ಅತ್ತ ಹೊರಟರೆ ಹಿಂದಿನ ದಿನ ನಮ್ಮ ಕಟ್ಟೆಗೆ ಬಂದು ಕುಳಿತು, ಏನು ಒಯ್ಯಬೇಕು, ಏನು ಬಿಡಬೇಕು ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಬಾಯಿಪಾಠವಾದದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ.

ಟವೆಲ್ಲು ಮೂರು ಇರಲಿ. ಒಂದು ಮೀಯಲು, ಒಂದು ಬೆವರಿಗೆ, ಇನ್ನೊಂದು ಮೊದಲೆರಡೂ ಒಣಗದಿದ್ದಾಗ. ಲಾಡ್ಜಿನಲ್ಲಿ ಕೋಣೆ ನೋಡುವಾಗ ಹಾಸಿಗೆ ನೋಡಬೇಡಿ, ಫ್ಯಾನು ತಿರುಗಿಸಿ ನೋಡಿ. ಕುಡಿಯುವ ನೀರಿನಲ್ಲಿ ಉಪ್ಪಿನ ಛಾಯೆ ಕಂಡರೆ ಗಾಬರಿಯಾಗಬೇಡಿ, ಮಜ್ಜಿಗೆ ಕುಡಿಯಿರಿ. ಕನ್ನಡ ನಡೆಯದಲ್ಲಿ ನಮ್ಮ ಸಂತೆಯ ಉರ್ದು ಕೆಲವು ಓಣಿಗಳಲ್ಲಿ ನಡೆಯುತ್ತದೆ. ಅದೂ ನಡೆಯದಲ್ಲಿ ಬೆರಳು ನಡೆಯುತ್ತದೆ. ಊಟದ ವಿಷಯದಲ್ಲಿ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಬಾಳೆಲೆಯ ಮೇಲೆ ಅನ್ನ, ಅನ್ನದ ಮೇಲೆ ಸಾಂಬಾರು, ಮತ್ತೆ ಅನ್ನ, ಮತ್ತೆ ಸಾರು; ಹೊಟ್ಟೆ ತುಂಬಿ ಕೈ ತೊಳೆಯುವಾಗ ರೊಟ್ಟಿ ಉಂಡು ಬೆಳೆದ ಜೀವಕ್ಕೆ ಊಟ ಇನ್ನೂ ಶುರುವೇ ಆಗಿಲ್ಲವೆನಿಸುತ್ತದೆ.

ಇವೆಲ್ಲ ಸಣ್ಣ ಮಾತುಗಳು. ದೊಡ್ಡ ಮಾತೊಂದನ್ನು ನಾನು ಕಲಿತದ್ದು ನಮ್ಮ ಓಣಿಯ ಮಲ್ಲಪ್ಪ ಕಾಕಾನ ಜೊತೆ ಹೋದಾಗ.

ಮಲ್ಲಪ್ಪ ಕಾಕಾನ ಮನೆಯಲ್ಲಿ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವ ಎರಡು ಕುಣಿಮಗ್ಗಗಳಿದ್ದವು. ಒಂದು ನಿಂತು ಆರು ತಿಂಗಳಾಗಿತ್ತು. ಯಂತ್ರದ ಮಗ್ಗದ ಸೀರೆಗಳು ಪೇಟೆಗೆ ಬಂದಮೇಲೆ ಕೈಮಗ್ಗದ ಸೀರೆ ಕೇಳುವವರು ಕಡಿಮೆಯಾಗುತ್ತಿದ್ದರು. ಆಗಲೇ ಮದರಾಸಿನ ಒಂದು ದೊಡ್ಡ ಸೀರೆ ಅಂಗಡಿಯಿಂದ, ಮಾದರಿ ಹಿಡಿದು ಬನ್ನಿ, ಮನಸ್ಸಿಗೆ ಬಂದರೆ ವರ್ಷಪೂರ್ತಿ ಕೊಳ್ಳುತ್ತೇವೆ ಎಂಬ ಪತ್ರ ಸಂಘಕ್ಕೆ ಬಂತು. ಮಾದರಿಯಾಗಿ ಆರಿಸಿದ್ದು ಕಾಕಾ ನೇಯ್ದ ಸೀರೆಯನ್ನು. "ಇದೂ ಒಪ್ಪಿಗಿ ಆಗಲಿಲ್ಲಂದ್ರ ಎರಡನೇದೂ ನಿಲ್ಲಿಸಿ ಕಲ್ಲಿನ ಖಣಿಗೆ ಹೋಗ್ತೇನಿ," ಎಂದಿದ್ದ ಆತ. ಐವತ್ತೈದು ದಾಟಿದವನು, ಹಾಗೆಲ್ಲ ಸುಮ್ಮನೆ ಆಡುವವನಲ್ಲ.

ಇಳಕಲ್ ಸೀರೆಯ ಗುಟ್ಟೊಂದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆ; ಇದರ ಮೈಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ನೇಯುವ ಮುನ್ನ ಮೈಯ ಹತ್ತಿಯ ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಎಳೆ, ಸಾವಿರಾರು ಕೊಂಡಿ. ನಮ್ಮ ಓಣಿಯಲ್ಲಿ ಅದು ಹೆಂಗಸರ ಕೈಗೆಲಸ, ಆ ಹೆಂಗಸರಲ್ಲಿ ಎತ್ತಿದ ಕೈ ಮಲ್ಲಪ್ಪ ಕಾಕಾನ ಹೆಂಡತಿ ಗುರವ್ವನದು. ಊರಿನ ಗಿರಾಕಿ ಅಂಗಡಿಗೆ ಬಂದು ಸೀರೆ ಕೈಗೆತ್ತಿಕೊಂಡರೆ ಬಣ್ಣ ನೋಡುವುದಕ್ಕೆ ಮೊದಲು ಆ ಕೂಡಿದ ಸಾಲನ್ನು ಹುಡುಕುತ್ತಾಳೆ; ಅದಿದ್ದರೆ ಸೀರೆ ಖರೆ. ಹೀಗಾಗಿ ನಾನು ಮಾದರಿಯ ಸೀರೆಯನ್ನು ಊರ ಪದ್ಧತಿಯಂತೆ, ಕೂಡಿದ ಸಾಲೇ ಮೇಲೆ ಕಾಣುವ ಹಾಗೆ ಅಚ್ಚುಕಟ್ಟಾಗಿ ಮಡಿಚಿ, ಹೊಸ ಕಾಗದದಲ್ಲಿ ಸುತ್ತಿದೆ.

ಹೊಸಪೇಟೆಯ ತನಕ ಬಸ್ಸು, ಗುಂತಕಲ್ಲಿನ ತನಕ ಒಂದು ರೈಲು, ಅಲ್ಲಿಂದ ಮದರಾಸಿನ ರೈಲು. ಸೀರೆಯ ಗಂಟನ್ನು ಕಾಕಾ ಮಡಿಲಿನಿಂದ ಇಳಿಸಲೇ ಇಲ್ಲ. ದಾರಿಯಲ್ಲಿ ಒಮ್ಮೆ ಕೇಳಿದ: "ಕಾರಕೂನರ, ಸಮುದ್ರ ಅಂದ್ರ ನಮ್ಮ ಮಲಪ್ರಭಾಕಿಂತ ದೊಡ್ಡದೇನ್ರಿ?"

"ಆಚಿ ದಂಡಿನ ಕಾಣೂದಿಲ್ಲ ಕಾಕಾ."

"ಹಂಗಾರ ಬ್ಯಾಡ ಬಿಡ್ರಿ. ದಂಡಿ ಕಾಣದ ನೀರು ನೋಡಿ ಏನ್ ಮಾಡೂದೈತಿ?"

ಅಂಗಡಿಯಲ್ಲಿ ಖರೀದಿಯ ಜವಾಬ್ದಾರಿ ಹೊತ್ತವರು ನಡುವಯಸ್ಸಿನ ಒಬ್ಬ ಅಮ್ಮ. ಬೆಂಗಳೂರಿನಲ್ಲಿ ಓದಿದವರಾದ್ದರಿಂದ ಕನ್ನಡ ಬರುತ್ತಿತ್ತು. ನಮಗೆ ಜೀವ ಬಂದಂತಾಯಿತು. ಕಾಗದ ಬಿಚ್ಚಿ ಸೀರೆ ಮುಂದಿಟ್ಟೆವು. ಅವರ ಕಣ್ಣಿಗೆ ಮೊದಲು ಬಿದ್ದದ್ದು, ನಾವು ಬೀಳಲೆಂದೇ ಇಟ್ಟದ್ದು, ಆ ಸಾಲು. ಅದರ ಮೇಲೆ ಬೆರಳಾಡಿಸಿದರು. ಹುಬ್ಬು ಗಂಟಿಕ್ಕಿತು.

"ಇದೇನು, ಇಲ್ಲಿ ತುಂಡು ಸೇರಿಸಿದ್ದೀರಲ್ಲಾ? ಸೆರಗು ಹರಿದುಹೋಗಿತ್ತಾ?"

"ಹರದಿದ್ದಲ್ರಿ ಅಕ್ಕಾರ," ಎಂದ ಕಾಕಾ, "ಅದನ್ನ ಕೂಡಿಸೇ ಮಾಡೂದ್ರಿ."

"ನಮ್ಮ ಗಿರಾಕಿಗಳು ಹೀಗೆ ಜೋಡಿಸಿದ್ದನ್ನ ಮುಟ್ಟಲ್ಲ ಕಣ್ರೀ. ಬಣ್ಣ ಚೆನ್ನಾಗಿದೆ, ಅಂಚು ಚೆನ್ನಾಗಿದೆ. ಮೈ, ಸೆರಗು ಎರಡನ್ನೂ ಒಂದೇ ಹಾಸಿನಲ್ಲಿ ನೇಯ್ದು ಕೊಡಿ. ವರ್ಷವೆಲ್ಲ ತಗೋತೀವಿ."

ಓದುಗ ಮಿತ್ರರೇ, ಆಗಲಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಹಾಸಿನಲ್ಲಿ ನೇಯುವುದು ಇನ್ನೂ ಸುಲಭ. ಕಾಕಾನ ಮಗ್ಗ ಉಳಿಯುತ್ತದೆ, ಅಂಥವೇ ಇನ್ನೂ ಎಷ್ಟೋ ಮಗ್ಗಗಳು ಉಳಿಯುತ್ತವೆ. ಕಾಕಾ ನನ್ನ ಅಂಗಿಯ ತೋಳು ಹಿಡಿದು ಪಕ್ಕಕ್ಕೆ ಜಗ್ಗಿದ.

"ಹೂಂ ಅನಬ್ಯಾಡ್ರಿ."

"ಕಾಕಾ, ಮಗ್ಗ ನಡೀತೈತಿ. ಖಣಿಗೆ ಹೋಗೂದು ತಪ್ಪತೈತಿ."

"ನನ್ನ ಮಗ್ಗ ನಡೀತೈತ್ರಿ. ನಮ್ಮ ಮನ್ಯಾಕಿ ಕೈ? ಆಕಿ ನಾಳಿಂದ ಏನ್ ಕೂಡಸಬೇಕು, ಒಲಿ ಮುಂದಿನ ಕಟಗಿನ?"

ಗುರವ್ವ ತನ್ನ ಮನೆಯದಷ್ಟೇ ಅಲ್ಲ, ಓಣಿಯ ಅರ್ಧ ಮಗ್ಗಗಳ ಹಾಸು ಕೂಡಿಸುವವಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಮಗ್ಗಗಳನ್ನು ಎಣಿಸುವಾಗ ಅವಳು ನನ್ನ ಎಣಿಕೆಗೆ ಬಂದಿರಲಿಲ್ಲ.

ಕಾಕಾ ತಿರುಗಿ ಹೋಗಿ ಸೀರೆಯ ಸೆರಗನ್ನು ಆ ಅಮ್ಮನ ಕೈಗೆ ಕೊಟ್ಟ. ಮೈಯ ಕಡೆ ತಾನು ಹಿಡಿದ. "ಅಕ್ಕಾರ, ಜಗ್ಗ್ರಿ." ಅವರು ನಕ್ಕು ಒಂದಿಷ್ಟು ಎಳೆದರು. "ಇದೇನ್ರಿ, ಬೆಳಗಿಂದ ಉಂಡಿಲ್ಲೇನ್ರಿ? ಜೋರ ಜಗ್ಗ್ರಿ!" ಮಾರಾಟದ ಹುಡುಗಿಯರಿಬ್ಬರು ಕೌಂಟರು ಬಿಟ್ಟು ಬಂದು ತಮಿಳಿನಲ್ಲಿ ಏನೋ ಕೂಗುತ್ತ ಸೆರಗಿನ ಕಡೆ ಸೇರಿಕೊಂಡರು. ಕಾಕಾ ಎರಡೂ ಹಿಮ್ಮಡಿ ಊರಿ ಹಿಂದಕ್ಕೆ ವಾಲಿ ನಿಂತ. ಮಾದರಿಯ ಸೀರೆ ಎರಡು ತುಂಡಾದರೆ ಸಂಘಕ್ಕೆ ಏನೆಂದು ಪತ್ರ ಬರೆಯಲಿ ಎಂದು ನಾನು ಮನಸ್ಸಿನಲ್ಲೇ ಒಕ್ಕಣೆ ಹುಡುಕುತ್ತಿದ್ದೆ. ಒಂದೂ ಕೊಂಡಿ ಬಿಡಲಿಲ್ಲ.

ಆ ಅಮ್ಮ ಕೈ ಬಿಟ್ಟು, ನೆಲಕ್ಕೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಕುಳಿತೇ ಬಿಟ್ಟರು. "ಹೇಗೆ ಮಾಡ್ತೀರಿ, ತೋರಿಸಿ." ಎರಡು ಬಣ್ಣದ ದಾರ ತರಿಸಿದರು. ಕಾಕಾ ಎದುರಿಗೆ ಕುಳಿತು ಒಂದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಕೊಂಡಿಯೊಳಗೆ ಕೊಂಡಿ ತೂರಿಸಲು ಹೋದ. ಜಾರಿತು. ಮತ್ತೆ ತೂರಿಸಿದ. ಮತ್ತೆ ಜಾರಿತು. ಮೂರನೆಯ ಸಲ ಹೇಗೋ ಕೂಡಿತು, ಆದರೆ ಒಡ್ಡೊಡ್ಡಾಗಿ, ದಪ್ಪ ಗಂಟಿನಂತೆ. ಕಾಕಾನ ಹಣೆಯಲ್ಲಿ ಬೆವರು.

"ನನಗ ಇದು ಬರೂದಿಲ್ರಿ ಅಕ್ಕಾರ," ಎಂದ. "ಮೂವತ್ತು ವರ್ಷ ಬಾಜೂಕ ಕುಂತು ನೋಡೇನಿ, ಬಂದಿಲ್ಲ. ಇದು ನಮ್ಮಾಕಿ ಕೈಯಾಗ ಐತಿ. ನಾ ನೇಯಾಂವ ಅಷ್ಟ."

ಆ ಅಮ್ಮ ಕಾಕಾನ ಗಂಟನ್ನೂ ಸೀರೆಯ ಸಾಲನ್ನೂ ಬಹಳ ಹೊತ್ತು ಒಂದರ ಪಕ್ಕ ಒಂದು ಹಿಡಿದು ನೋಡಿದರು. ಸೀರೆಯನ್ನು ಎಳೆದು ನೋಡಿದಾಗ ಒಪ್ಪದ ಮುಖ, ಬಲ್ಲವನ ಕೈ ಸೋತದ್ದನ್ನು ಕಂಡು ಒಪ್ಪಿತೆಂದು ನನಗೆ ಅನಿಸಿತು. ವರ್ಷದ ಮಾತು ಎತ್ತಲಿಲ್ಲ. ದೀಪಾವಳಿಗೆ ಒಂದು ಗಂಟು ಸೀರೆ ಕಳಿಸಿ, ಪ್ರತಿ ಸೀರೆಗೂ ಈ ಸಾಲು ಏನೆಂದು ತಿಳಿಸುವ ಒಂದು ಚೀಟಿ ಹೊಲಿಯಿರಿ, ತಮಿಳಿನಲ್ಲಿ ನಾನು ಬರೆಸಿಕೊಳ್ಳುತ್ತೇನೆ, ಮಾರಾಟವಾದರೆ ಮುಂದಿನ ಮಾತು ಎಂದರು.

ಅಲ್ಲೇ ಕುಳಿತು ಕನ್ನಡದ ಒಕ್ಕಣೆ ಬರೆದೆ. "ಸದರಿ ಸೀರೆಯ ಸೆರಗಿನ ಭಾಗದಲ್ಲಿ ಕಂಡುಬರುವ ಜೋಡಣೆಯು" ಎಂದು ಓದುತ್ತಿದ್ದಂತೆ ಕಾಕಾ, "ಇದೇನ್ರಿ, ಜಪ್ತಿ ನೋಟೀಸ?" ಎಂದ. ಹೊಡೆದು ಹಾಕಿ ಅವನು ಹೇಳಿದಂತೆ ಬರೆದೆ: ಈ ಸೀರೆಯ ಮೈ ಬೇರೆ, ಸೆರಗು ಬೇರೆ. ಕೂಡಿಸಿದವರು ಇಳಕಲ್ಲಿನ ಹೆಂಗಸರು. ಜಗ್ಗಿ ನೋಡಿರಿ.

ಆದ್ದರಿಂದ, ಕೆಲಸದ ಮೇಲೆ ಆ ಊರಿಗೆ ಹೋಗುವವರಿಗೆ ಆಗ ನಾನು, ನಮ್ಮೂರಲ್ಲಿ ಮೊದಲು ತೋರಿಸುವುದನ್ನು ಅಲ್ಲಿ ಕೊನೆಗೆ ತೋರಿಸಿ ಎಂದು ಹೇಳಬೇಕೆಂದುಕೊಂಡಿದ್ದೆ. ಈಗ ಹಾಗೆ ಹೇಳುವುದಿಲ್ಲ. ಮೊದಲೇ ತೋರಿಸಿ, ಆದರೆ ತಿಳಿಯದವರ ಮುಂದೆ ತೋರಿಸುತ್ತಿದ್ದೇವೆಂಬ ಎಚ್ಚರವಿರಲಿ, ತಿಳಿಸಿ ಹೇಳುವ ವ್ಯವಧಾನವಿರಲಿ, ಸಾಧ್ಯವಾದರೆ ಬಲ್ಲ ಕೈಯನ್ನೇ ಜೊತೆಗೆ ಕರೆದೊಯ್ಯಿರಿ. ನಾವು ನೇಯುವವನನ್ನು ಒಯ್ದಿದ್ದೆವು, ಕೂಡಿಸುವವಳನ್ನು ಮನೆಯಲ್ಲಿ ಬಿಟ್ಟಿದ್ದೆವು.

ಊರಿಗೆ ಬಂದು ಚೀಟಿಯನ್ನು ಗುರವ್ವನಿಗೆ ಓದಿ ತೋರಿಸಿದೆ. ಅವಳಿಗೆ ಅಕ್ಷರ ಬರದು. ಕೇಳಿಸಿಕೊಂಡು, "ಇಳಕಲ್ಲಿನ ಹೆಂಗಸರು ಅಂದ್ರ ಯಾರ್ರಿ?" ಎಂದಳು. ಮದರಾಸಿಗೆ ಮತ್ತೊಂದು ಪತ್ರ ಹೋಯಿತು, ಚೀಟಿ ತಿದ್ದಿ ಬರೆಯಿರೆಂದು. ದೀಪಾವಳಿಯ ಗಂಟಿನಲ್ಲಿ ಒಂದೊಂದು ಸೀರೆಗೂ ಅದನ್ನು ಕೂಡಿಸಿದವಳ ಹೆಸರಿತ್ತು, ಹೆಚ್ಚಿನವಕ್ಕೆ ಗುರವ್ವನದು.

ಹಬ್ಬ ಕಳೆದ ಮೇಲೆ ಅಂಗಡಿಯ ಪತ್ರ ಬಂತು, ಇನ್ನೂ ಕಳಿಸಿ ಎಂದು. ಅದನ್ನು ಹೇಳಲು ನಾನು ಹೋದಾಗ ಕಾಕಾ, ನಿಂತಿದ್ದ ಮಗ್ಗದ ಧೂಳು ಒರೆಸಿ ಅದರಲ್ಲೇ ಇಳಿದು ಕುಳಿತಿದ್ದ. ಇನ್ನೊಂದರಲ್ಲಿ ಅವನ ತಮ್ಮ. ಪಡಸಾಲೆಯಲ್ಲಿ ಗುರವ್ವನ ಮುಂದೆ ಹೊಸ ಹಾಸು. ಪತ್ರ ಓದಿ ಮುಗಿಸಿದೆ. ಕಾಕಾ ಲಾಳಿ ಬದಿಗಿಟ್ಟು, "ಎಲ್ಲಾ ಖರೆ ಕಾರಕೂನರ. ಚೀಟಿ ಮ್ಯಾಲ ನೇಯ್ದಾಂವನ ಹೆಸರೇನ ಇಲ್ಲಲ್ರಿ?" ಎಂದ.

ಗುರವ್ವ ಎಳೆಗಳಿಂದ ತಲೆ ಎತ್ತಲಿಲ್ಲ.

"ಎರಡೂ ಮಗ್ಗ ನಡ್ಯಾಕತ್ತಾವ. ಸುಮ್ನ ನೇಯ್ರಿ."