ಬಂದೂಕಿನ ಹೊಟ್ಯಾಗಿನ ವಿಭೂತಿ

ನಮ್ಮನಿಯವ್ರು ವಿದ್ಯಾನಗರದ ಒಂದು ಬ್ಯಾಂಕಿನ ಬಾಗಲದಾಗ ಬಂದೂಕು ಹಿಡಕೊಂಡು ನಿಂದರತಾರ. ಮಿಲಿಟರಿಯಿಂದ ರಿಟೈರ್ ಆಗಿ ಬಂದ ಮ್ಯಾಲೆ ಸಿಕ್ಕ ಕೆಲಸ. ಬಂದೂಕು ಸ್ವಂತದ್ದು, ಲೈಸೆನ್ಸೂ ಅವರ ಹೆಸರಲೇ ಐತಿ. ಹನ್ನೆರಡು ಬೋರಿನ ಪಂಪ್ ಬಂದೂಕು. ಒಂದು ಸಲ ಹಾರಿಸಿ, ಗುಂಡು ಹೊರಬೀಳೋ ನಳಗಿ ಕೆಳಗಿನ ಕಟಗಿ ಹಿಡಿಕಿ ಹಿಂದಕ್ಕ ಜಗ್ಗಿ ಮುಂದಕ್ಕ ದೂಡಿದ್ರ, ಹಾರಿದ ಗುಂಡಿನ ಖಾಲಿ ತೋಟಾ ಹೊರಗ ಬಿದ್ದು ಮುಂದಿನ ತೋಟಾ ಒಳಗ ಬಂದು ಕೂಡತೈತಿ. ಇಷ್ಟು ನನಗೂ ಗೊತ್ತೈತಿ. ಹನ್ನೊಂದು ವರ್ಷ ಅದು ನಮ್ಮ ಮನ್ಯಾಗ ನನ್ನ ಸವತಿ ಹಂಗ ಇದ್ದಾಗ, ಗೊತ್ತಾಗದ ಇರತೈತೇನು?

ಐತವಾರ ಬಂತಂದ್ರ ಅದರ ಸೇವಾ. ಹಾಸಿಗಿ ಮ್ಯಾಲೆ ಹಳೇ ಧೋತರ ಹಾಸಿ, ನಳಗಿ ಬಿಚ್ಚಿ, ಉದ್ದನ ಸರಳಿಗೆ ಅರಬಿ ಸುತ್ತಿ ತಿಕ್ಕಿದ್ದೇ ತಿಕ್ಕಿದ್ದು. ಆಮ್ಯಾಲೆ ಬೆಳಕಿಗೆ ಹಿಡದು ಒಳಗ ನೋಡಿ, "ಕನ್ನಡಿ ಆತು ನೋಡು" ಅಂತಿದ್ರು. "ನನ್ನ ಮಾರಿ ಹಿಂಗ ಎಂದರ ನೋಡೀರೇನ್ರಿ?" ಅಂತ ನಾ ಕೇಳಿದ್ರ ಮೀಸ್ಯಾಗ ನಗತಿದ್ರು. ಆದ್ರ ನಳಗಿ ಕೆಳಗ ಇನ್ನೊಂದು ಕೊಳವಿ ಇರತೈತಿ, ತೋಟಾ ಸಾಲಾಗಿ ಮಲಗೋ ಜಾಗಾ. ಅದನ್ನ ಮಾತ್ರ ಎಂದೂ ಬಿಚ್ಚತಿರಲಿಲ್ಲ. ಒಳಗಿನ ಸ್ಪ್ರಿಂಗ್ ಹಾರಿ ಕಣ್ಣಿಗೆ ಬಡದೀತು ಅಂತ ಬಿಟ್ಟಿದ್ರು.

ವರ್ಷಕ್ಕೊಮ್ಮೆ ಅವರಿಗೆ ಗುಂಡು ಹಾರಿಸೋ ಪರೀಕ್ಷಾ ಇರತೈತಿ, ಐದು ತೋಟಾ. ಹೋದ ವರ್ಷ ಮೊದಲನೇದು ಹಾರಿತಂತ. ಹಿಡಿಕಿ ಜಗ್ಗಿ ದೂಡಿದ್ರು, ಬೆರಳಲೇ ಬಂದೂಕಿನ ಕುದರಿ ಒತ್ತಿದ್ರು, ಬರೇ ಟಿಕ್ ಅಂತು. ಮತ್ತ ಜಗ್ಗಿದ್ರು, ಮತ್ತ ಟಿಕ್. ಪರೀಕ್ಷಾ ನೋಡಾಕ ಬಂದಿದ್ದ ಹರೇದ ಸಾಹೇಬ್ರು, "ಅಜ್ಜಾರ, ನಿಮ್ಮ ಕೈ ಪೂರ್ತಿ ಹಿಂದಕ್ಕ ಬರವಲ್ದು. ಅರ್ಧಾ ಜಗ್ಗಿದ್ರ ತೋಟಾ ಹೆಂಗ ಏರತೈತ್ರಿ?" ಅಂದರಂತ. ಹದಿನೈದು ದಿನದ ಮ್ಯಾಲೆ ಇನ್ನೊಮ್ಮೆ ಪರೀಕ್ಷಾ, ಅದರಾಗೂ ತಪ್ಪಿದ್ರ ಮನೀಗೆ ಹೋಗೋದು. ಅಲ್ಲೀತನಕ ಬಂದೂಕು ಬ್ಯಾಡ, ಒಂದು ಬಡಗಿ ಕೋಲು ಹಿಡಕೊಂಡು ಬ್ಯಾಂಕಿನ ಮುಂದಿನ ಗಾಡಿ ಸಾಲು ಮಾಡಿಸ್ರಿ ಅಂದ್ರು.

ಅಜ್ಜಾರ! ನನಗ ಮೈಯೆಲ್ಲಾ ಉರೀತು. ಆದ್ರ ಇವರು ಅದನ್ನ ನಂಬಿಬಿಟ್ಟಿದ್ರು. ಬಲಗೈಲೆ ಬಂದೂಕು ಹಿಡದು ಎಡಗೈಲೆ ಹಿಡಿಕಿ ಜಗ್ಗಬೇಕು. ಆ ಎಡ ಮೊಣಕೈಯಾಗ ಮಿಲಿಟರ್ಯಾಗ ಇದ್ದಾಗಿಂದ ಒಂದು ನೋವು ಐತಿ. "ಕೈ ಹೋತು ನಂದು" ಅಂದ್ರು. ಬಂದೂಕನ್ನ ಕಪಾಟದಾಗ ಇಟ್ಟು ಕೀಲಿ ಹಾಕಿದ್ರು, ಐತವಾರ ಬಂದ್ರೂ ತಗೀಲಿಲ್ಲ. ಒಂದು ಮಧ್ಯಾಹ್ನ ನಾ ಕಿರಾಣಿ ತಗೊಂಡು ಮನೀಗೆ ಬಂದ್ರ, ಅಡಗಿಮನ್ಯಾಗ ಒಬ್ಬರೇ ನಿಂತು ನನ್ನ ಚಪಾತಿ ಲಟ್ಟಣಗಿ ಎಡಗೈಯಾಗ ಹಿಡದು, ಹಿಂದಕ್ಕ ಮುಂದಕ್ಕ, ಹಿಂದಕ್ಕ ಮುಂದಕ್ಕ ಜಗ್ಗಾಕತ್ತಿದ್ರು. ನನ್ನ ನೋಡಿ ಅದನ್ನ ಚಪಾತಿ ಮಣಿ ಮ್ಯಾಲೆ ಇಟ್ಟು ಹೊರಗ ಹೋದ್ರು.

"ಕೈ ಛಲೋನ ಐತಿ. ಕೆಟ್ಟಿದ್ದು ಆ ನಿಮ್ಮ ಮುದ್ದಿನ ಬಂದೂಕು. ನಡೀರಿ, ರಿಪೇರಿ ಮಾಡೋರಿಗೆ ತೋರಸೋಣು" ಅಂದೆ. ಬ್ಯಾಡ ಅಂದ್ರು. ನಾ ಬಿಡೋ ಪೈಕಿ ಅಲ್ಲ. ಎರಡು ದಿನ ನಾ ಇವರ ಜೋಡಿ ಮಾತು ಬಿಟ್ಟೆ, ಮೂರನೇ ದಿನ ಇವರೇ ಸ್ಕೂಟರ್ ತಗದ್ರು. ಖಾಲಿ ಬಂದೂಕನ್ನ ಗವಸಿನ್ಯಾಗ ಹಾಕಿ, ನಾ ಹಿಂದ ಕುಂತು ತೊಡಿ ಮ್ಯಾಲೆ ಇಟಗೊಂಡು ಹಳೇಹುಬ್ಬಳ್ಳಿಗೆ ಹೋದ್ವಿ.

ಅಲ್ಲಿ ಒಬ್ಬ ಮುಸಲ್ಮಾನ ಚಾಚಾ ಅದಾರ. ಅವರ ಅಪ್ಪನ ಕಾಲದಿಂದ ಬಂದೂಕು ರಿಪೇರಿ ಮಾಡೋ ಮನಿ. ಲೈಸೆನ್ಸ್ ನೋಡಿದ್ರು, ಖಾಲಿ ಐತೋ ಇಲ್ಲೋ ಅಂತ ಬೆರಳು ಹಾಕಿ ನೋಡಿದ್ರು, ನಮ್ಮನಿಯವ್ರ ಕೈಯಾಗ ಕೊಟ್ಟು "ಜಗ್ಗ್ರಿ ಸಾಹೇಬ್ರ" ಅಂದ್ರು. ಇವರು ಜಗ್ಗಿದ್ರು.

"ಕೈಯಾಗ ಏನೂ ದೋಷ ಇಲ್ರಿ, ಪೂರ್ತಿ ಬರಾಕತ್ತೈತಿ" ಅಂದ್ರು ಚಾಚಾ.

"ನಾ ಹೇಳಲಿಲ್ಲೇನು!" ಅಂತ ನಾ ಅಂಗಡ್ಯಾಗ ನಿಂತು ಜೋರಾಗೇ ಅಂದೆ. ಎಷ್ಟು ಹಿಗ್ಗಿದ್ನೆಪಾ ಅವಾಗ.

ಚಾಚಾ ಕೆಳಗಿನ ಕೊಳವಿ ಮುಚ್ಚಳ ತಿರುವಿದ್ರು. ಸ್ಪ್ರಿಂಗ್ ಹಾರಬೇಕಿತ್ತಂತ, ಹಾರಲೇ ಇಲ್ಲ. ಇಕ್ಕಳ ಹಾಕಿ ಜಗ್ಗಿದ್ರ ಜಂಗ್ ಹಿಡದು, ತುಕ್ಕು ತಿಂದು ಕೆಂಪಾಗಿ ಮುರುಕು ಮುರುಕಾಗಿ ಬಂತು. ಅದರ ಮುಂದ ತೋಟಾ ದೂಡೋ ಸಣ್ಣ ಬಟ್ಟಲ ಇರತೈತಿ, ಅದು ಕೊಳವಿ ಒಳಗೋಡಿಗೆ ಮೆತ್ತಿಕೊಂಡಿತ್ತು. ಕಟಗಿ ಹಾಕಿ ಬಡದು ಹೊರಗ ತಗದ್ರು. ಅದರ ಸುತ್ತ ಬೂದಿಬಣ್ಣದ್ದು ಏನೋ ಗಾರಿ ಹಂಗ ಗಟ್ಟಿ ಕಟ್ಟಿತ್ತು. ಚಾಚಾ ಬೆರಳಿನ್ಯಾಗ ತಿಕ್ಕಿ ಮೂಸಿ ನೋಡಿದ್ರು.

"ಇದು ಬರೇ ಜಂಗ್ ಅಲ್ರಿ. ಬೂದಿ ಇದ್ದಂಗ ಐತಿ."

ನಮ್ಮನಿಯವ್ರು ಬಗ್ಗಿ ನೋಡಿದ್ರು. "ಬೂದಿ ಅಲ್ಲ, ವಿಭೂತಿ" ಅಂದ್ರು.

ನಾ ಸುಳ್ಳ ಅನ್ನೋ ಊರಿನ ಒಕ್ಕಲತನದ ಮನಿ ಮಗಳು. ಖಂಡೇನವಮಿ, ಅಂದ್ರ ಆಯುಧಪೂಜಿ ದಿನ ನಮ್ಮವ್ವ ಬೀಜ ಬಿತ್ತೋ ಕೂರಿಗಿ ಬಟ್ಟಲದಾಗ ಒಂದು ಚಿಟಿಕಿ ವಿಭೂತಿ ಹಾಕಿ, ಟೆಂಗಿನ ನೀರು ಚಿಮುಕಿಸಿ, ಬೀಜ ಸುರಳೀತ ಇಳೀಲಿ ಅಂತ ಬೇಡಕೋತಿದ್ಲು. ನಾನೂ ಬಂದೂಕಿನ ಪೂಜಿ ಹಂಗ ಮಾಡತಿದ್ದೆ. ಇವರು ಜಳಕಕ್ಕ ಹೋದಾಗ ಅದನ್ನ ಹೊರಳಿಸಿ, ತೋಟಾ ತುಂಬೋ ಕಿಂಡ್ಯಾಗ ವಿಭೂತಿ ತುಂಬಿ ಟೆಂಗಿನ ನೀರು ಬಿಡತಿದ್ದೆ. ಪೂಜಿಗೆ ಇಟ್ಟದ್ದನ್ನ ಬನ್ನಿ ಮುಡಿಯೋತನಕ ಮುಟ್ಟಬಾರದು, ಹಂಗಾಗಿ ಅದು ಮರದಿನ ಸಂಜೀತನಕ ಹಂಗ ನೆನೀತಿತ್ತು. ಹನ್ನೊಂದು ಖಂಡೇನವಮಿ. ಆದ್ರ ನಾ ಬೇಡಿದ್ದು ನಮ್ಮವ್ವನ ಹಂಗ ಅಲ್ಲ.

ಸುಮ್ಮನಿದ್ದಿದ್ರ ನಡೀತಿತ್ತು. ಚಾಚಾಗೆ ಗೊತ್ತಿರಲಿಲ್ಲ, ಇವರು ಪೂಜ್ಯಾಗ ಎಲ್ಲೋ ಉದುರೇತಿ ಅಂತ ತಿಳಕೋತಿದ್ರು. ಆದ್ರ ಆ ಲಟ್ಟಣಗಿ ಕಣ್ಣ ಮುಂದ ಬಂತು.

"ನಾನೇ ಹಾಕಿದ್ದು. ವರ್ಷಾ ವರ್ಷಾ. ಇದು ಯಾರ ಮ್ಯಾಲೂ ಹಾರಬ್ಯಾಡ ಶಿವನೇ ಅಂತ ಬೇಡಕೊಂಡು ಹಾಕತಿದ್ದೆ" ಅಂದೆ.

ಇವರು ನನ್ನ ನೋಡಿದ್ರು. ಚಾಚಾನೇ ಒಂದು ಸ್ಟೂಲು ಮುಂದ ಸರಿಸಿ, "ಕುಂದರ್ರಿ ಅಕ್ಕಾರ. ನಮ್ಮನಿಯಾಕಿ ನನ್ನ ಸಾಣಿ ಮಷಿನ್ನಿಗೆ ತಾಯತ ಕಟ್ಟಿದ್ಲು. ಅದು ಬೆಲ್ಟಿನ್ಯಾಗ ಸಿಕ್ಕು ಮೂರು ದಿನ ಅಂಗಡಿ ಬಂದ್ ಇತ್ತು" ಅಂದ್ರು. ಆಮ್ಯಾಲೆ ಕೊಳವೀನ ಸೀಮಿಎಣ್ಣಿ ಹಾಕಿ ತೊಳದು, ಅರಬಿ ಎಳದು ಒಣಗಿಸಿ, ಹೊಸಾ ಬಟ್ಟಲ, ಹೊಸಾ ಸ್ಪ್ರಿಂಗ್ ಹಾಕಿದ್ರು. ಎಣ್ಣಿ ಬರೇ ಒಂದು ಹನಿ ಬಿಟ್ರು. ಹೊಸಾ ಸ್ಪ್ರಿಂಗ್, ಹಳೇದರ ಮುರುಕು ಎಲ್ಲಾ ಜೋಡಿಸಿಟ್ರೂ ಅದಕ್ಕಿಂತ ಒಂದು ಗೇಣು ಉದ್ದ ಇತ್ತು. ತಿಂಗಳಿಗೊಮ್ಮೆ ಇದನ್ನೂ ಬಿಚ್ಚಿ ಒರಸ್ರಿ, ಬಿಚ್ಚುವಾಗ ಅಂಗೈ ಅಡ್ಡ ಹಿಡೀರಿ ಅಂತ ನಮ್ಮನಿಯವ್ರ ಕೈಲೇ ಎರಡು ಸಲ ಮಾಡಿಸಿದ್ರು.

ಸ್ಕೂಟರ್ ಮ್ಯಾಲೆ ಮನಿ ಮುಟ್ಟೋತನಕ, ಇವರು ಈಗ ಬೈತಾರ, ಆಗ ಬೈತಾರ ಅಂತ ಕಾದೆ. ಬೈದಿದ್ರ ಛಲೋ ಇತ್ತು. ಮನೀಗೆ ಬಂದು ಚಪ್ಪಲಿ ಬಿಡಕೋತ, "ನಾನೂ ಅದನ್ನೇ ಬೇಡಕೋತಿದ್ದೆ, ದಿನಾ ಬೆಳಿಗ್ಗೆ ತೋಟಾ ತುಂಬುವಾಗ. ಆದ್ರ ನಾ ಬಾಯಿಲೆ ಬೇಡತಿದ್ದೆ" ಅಂದ್ರು. ನನಗ ನಗೂನೂ ಬಂತು, ಅಳೂನೂ ಬಂತು.

ಎರಡನೇ ಪರೀಕ್ಷಾಕ್ಕ ನಾನೂ ಹೋದೆ. ಮೈದಾನದ ಒಳಗ ಬಿಡಲಿಲ್ಲ, ಹೊರಗ ಗೋಡಿ ಹಂತ್ಯಾಕ ನಿಂತೆ. ಮೊದಲನೇದು ಕೇಳಿತು. ಎರಡನೇದು ಬರೋತನಕ ಉಸುರು ಬಿಡಲಿಲ್ಲ. ಮೂರು. ನಾಕು. ಹನ್ನೊಂದು ವರ್ಷ ಹಾರಬ್ಯಾಡ ಹಾರಬ್ಯಾಡ ಅಂದಾಕಿ, ಅವತ್ತ ಗೋಡಿಗೆ ಹಣಿ ಹಚ್ಚಿ, "ಇನ್ನೊಂದು, ಶಿವನೇ, ಇನ್ನೊಂದೇ ಒಂದು" ಅಂತ ಬೇಡಾಕತ್ತಿದ್ದೆ. ಐದನೇದು ಜರಾ ತಡಾ ಆತು. ಆಮ್ಯಾಲೆ ಅದೂ ಕೇಳಿತು. ಅಲ್ಲೇ ಗೋಡಿಬುಡಕ ಕುಂತು ಅತ್ತುಬಿಟ್ಟೆ.