ಲಂಗದಲ್ಲಿ ಕಟ್ಟಿ ತಂದ ಐದು ಕಲ್ಲು

ಬೆಳಿಗ್ಗೆ ಕಣಕಟ್ಟೆಯ ನಮ್ಮ ಮನೆ ಮುಂದೆ ಟಿಪ್ಪರ್ ಒಂದು ಲೋಡ್ ಹಳ್ಳದ ಕಲ್ಲು ಸುರಿಯಿತು. ಹಸಿಮಣ್ಣು ಮೆತ್ತಿದ ಆ ಕಲ್ಲಿನ ವಾಸನೆಗೆ ಅಜ್ಜಿ ನೆನಪಾದಳು.

ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಅಜ್ಜಿ ಕಲ್ಲು ಸರಿಸಿ, ಮೊಣಕೈ ಮುಳುಗುವಷ್ಟು ಗುಂಡಿ ತೋಡುತ್ತಿದ್ದಳು. ಅದರಲ್ಲಿ ನೀರು ಒಸರುತ್ತಿತ್ತು. ಮೊದಲೆರಡು ಚೊಂಬು ಕದಡಿದ ನೀರು ಚೆಲ್ಲಿ, ತಿಳಿಯಾಗುವವರೆಗೆ ಎಲೆಅಡಿಕೆ ಮೆಲ್ಲುತ್ತಾ ಕೂರುತ್ತಿದ್ದಳು. ಕೊಡ ತುಂಬಿದ ಮೇಲೆ ತೆಗೆದ ಕಲ್ಲನ್ನೆಲ್ಲ ಗುಂಡಿಗೆ ಮುಚ್ಚಿಯೇ ಏಳುತ್ತಿದ್ದಳು.

ಒಮ್ಮೆ ಆಡುವುದಕ್ಕೆಂದು ಐದು ನುಣ್ಣನೆಯ ಕಲ್ಲನ್ನು ಲಂಗದಲ್ಲಿ ಕಟ್ಟಿಕೊಂಡು ಬಂದಿದ್ದೆ. ಬಾಗಿಲಲ್ಲಿ ಅದನ್ನು ಕಂಡ ಅಜ್ಜಿ, "ವಾಪಸ್ ಹಾಕ್ಬುಟ್ಟು ಬಾ. ಕಲ್ಲಿದ್ರೆ ತಾನೆ ಕಣೇ ಅದ್ರಡಿ ನೀರು ನಿಲ್ಲೋದು" ಎಂದು ಅದೇ ಬಿಸಿಲಲ್ಲಿ ತಿರುಗಿ ಕಳಿಸಿದಳು. ಐದು ಕಲ್ಲಿಗೆ ಇಷ್ಟು ರಂಪವೇ ಎಂದು ಗೊಣಗುತ್ತಲೇ ಹೋಗಿದ್ದೆ.

ಈಗ ಹಳ್ಳವನ್ನು ಬಂಡೆ ಕಾಣುವವರೆಗೆ ಬಗೆದಿದ್ದಾರೆ. ದಡದ ಬಾವಿಗಳೆಲ್ಲ ಬತ್ತಿವೆ. ಬಗೆದವರಿಗೆ ನಾಚಿಕೆ ಬೇಡವೇ ಎಂದು ಸಿಕ್ಕಸಿಕ್ಕವರ ಮುಂದೆ ನಾನೂ ಬೈಯುತ್ತಲೇ ಇರುತ್ತೇನೆ.

"ಹಳ್ಳದಾಗೆ ಇನ್ನೊಂದು ಲೋಡ್ ಆಗೋವಷ್ಟು ಐತೆ, ತರ್ಲಾ ಅಕ್ಕಾ?" ಎಂದು ಡ್ರೈವರ್ ಕೇಳಿದ.

ತಗೊಂಡು ಬಾ ಎಂದೆ. ಟ್ಯಾಂಕರ್ ನೀರು ತುಂಬಿಸಿಡಲು ಸಂಪು ಕಟ್ಟಿಸುತ್ತಿದ್ದೇನೆ.