ಕೋಟೆಬೆಟ್ಟದಲ್ಲಿ ಕೆಟ್ಟ ನನ್ನ ಮಂಡಿ

ನನ್ನದು ಹೊಟ್ಟೆಕಿಚ್ಚಿನ ಸ್ವಭಾವ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು.

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದೆ. ಒಂದನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕೂತು ಓದಿದ ಗೆಳೆಯ ಸೈಕಲ್ ಶಾಪ್ ಇಟ್ಟುಕೊಂಡಿದ್ದ. ಇಬ್ಬರಿಗೂ ಒಂದೇ ಹುಚ್ಚು. ಭಾನುವಾರ ಬೆಟ್ಟದ ಬುಡದವರೆಗೆ ಸೈಕಲ್ ತುಳಿಯುವುದು, ಅಲ್ಲಿ ಸೈಕಲ್ ನಿಲ್ಲಿಸಿ ಬೆಟ್ಟ ಹತ್ತುವುದು, ಇಳಿದು ಮತ್ತೆ ತುಳಿದುಕೊಂಡು ಊರಿಗೆ ಬರುವುದು. "ಬೆಟ್ಟದ್ ಮ್ಯಾಲೆ ನಿಮ್ ತಾತ ಗಂಟು ಊತಿಟ್ಟವ್ನಾ?" ಎಂದು ನಮ್ಮವ್ವ ರೇಗುತ್ತಿದ್ದಳು.

ನಾಲ್ಕು ತಾಲ್ಲೂಕಿನ ನಾಲ್ಕು ಬೆಟ್ಟ ಹತ್ತಬೇಕು ಅಂತ ನಮ್ಮ ಹಟ. ನಮ್ಮೂರಿನ ಕುಂತಿಬೆಟ್ಟ, ಶ್ರೀರಂಗಪಟ್ಟಣದ ಕರಿಘಟ್ಟ, ಕೆ.ಆರ್. ಪೇಟೆ ಕಡೆಯ ನಾರಾಯಣದುರ್ಗ ಆಗಿದ್ದವು. ನಾಗಮಂಗಲದ ಕೋಟೆಬೆಟ್ಟ ಒಂದು ಉಳಿದಿತ್ತು. "ನಾಕ್ನೇದ್ಕೂ ನಾವಿಬ್ರೇ ಕಣ್ಲಾ," ಎಂದು ದುರ್ಗದ ನೆತ್ತಿಯ ಮೇಲೆ ಕೂತು ಅವನೇ ಹೇಳಿದ್ದ. ಆ ಮಾತನ್ನು ನಾನು ಬಲವಾಗಿ ಹಿಡಿದುಕೊಂಡಿದ್ದೆ.

ಬುಡದಲ್ಲಿ ಸೈಕಲ್ ನಿಲ್ಲಿಸುವುದಕ್ಕೂ ನಮ್ಮದೊಂದು ಪದ್ಧತಿ ಇತ್ತು. ಎರಡೂ ಸೈಕಲ್ಲಿನ ಚಕ್ರಗಳಿಗೆ ಸೇರಿಸಿ ಒಂದೇ ಸರಪಳಿ, ಒಂದೇ ಬೀಗ. ಬೀಗದ ಕೀ ಯಾವಾಗಲೂ ನನ್ನ ಜೇಬಿನಲ್ಲಿ. ಅವನು ಕೀ ಕಳೆಯುವುದರಲ್ಲಿ ನಿಸ್ಸೀಮ.

ಆಗ ಮೈಸೂರಿನಿಂದ ನಾಲೆ ಆಫೀಸಿಗೆ ಒಬ್ಬ ಓವರ್‌ಸೀಯರ್ ವರ್ಗವಾಗಿ ಬಂದ. ಅವನ ಹತ್ತಿರ ಗೇರ್ ಸೈಕಲ್ ಇತ್ತು. ನನ್ನ ಗೆಳೆಯ ಅದಕ್ಕೆ ಹಸುಗೂಸಿಗೆ ಹಚ್ಚಿದ ಹಾಗೆ ಎಣ್ಣೆ ಹಚ್ಚುತ್ತಿದ್ದ. ನಾನು ಅಂಗಡಿಗೆ ಹೋದರೆ ತಲೆ ಎತ್ತುತ್ತಿರಲಿಲ್ಲ. ಒಂದು ಸಂಜೆ, "ಸಾರೂ ಬತ್ತಾರಂತೆ ಕಣ್ಲಾ, ಕೋಟೆಬೆಟ್ಟಕ್ಕೆ," ಎಂದ.

"ಬರ್ಲಿ ಬುಡು," ಎಂದೆ. ಮೈಯೆಲ್ಲ ಉರಿಯಿತು.

ಭಾನುವಾರ ಬೆಳಗಿನ ಜಾವಕ್ಕೇ ಹೊರಟೆವು. ಏರು ಬಂದಲ್ಲೆಲ್ಲ ಓವರ್‌ಸೀಯರ್ ಸೀಟಿನ ಮೇಲೆ ಕೂತೇ ಹಾಯಾಗಿ ತುಳಿಯುತ್ತಿದ್ದ. ನನ್ನ ಗೆಳೆಯ ಏದುಸಿರು ಬಿಡುತ್ತಾ ಅವನ ಪಕ್ಕದಲ್ಲಿ. ನಾನು ಹಿಂದೆ, ಇಬ್ಬರ ಬೆನ್ನು ನೋಡಿಕೊಂಡು. ಬುಡದಲ್ಲಿ ಸರಪಳಿ ಮೂರು ಸೈಕಲ್ಲಿಗೆ ಸಾಲದೆ ಎಳೆದಾಡಿ ಬೀಗ ಹಾಕಬೇಕಾಯಿತು.

ಕಾಲುಭಾಗ ಬೆಟ್ಟ ಹತ್ತಿ ಬುತ್ತಿ ಬಿಚ್ಚಿದೆವು. ಗೆಳೆಯನ ಅಮ್ಮಿ ಮಾಡಿಕೊಟ್ಟ ಅಕ್ಕಿರೊಟ್ಟಿ, ಮೊಟ್ಟೆಪಲ್ಯ. ಮೊದಲ ರೊಟ್ಟಿ ಮುರಿದು ಅವನು ಕೊಡುತ್ತಿದ್ದದ್ದು ಯಾವತ್ತೂ ನನಗೆ. ಅವತ್ತು, "ತಗಳಿ ಸಾ," ಎಂದು ಆ ಕಡೆ ಚಾಚಿದ. ರೊಟ್ಟಿಗೆ ಹೊಟ್ಟೆ ಉರಿದುಕೊಂಡ ಮೇಷ್ಟ್ರು ಎಂದು ನಗುವವರು ನಗಲಿ. ನನಗೆ ಅಳು ಬಂದಿತ್ತು.

ಎರಡು ಬಂಡೆ ಹತ್ತಿದವನೇ ಮಂಡಿ ಹಿಡಿದುಕೊಂಡು ಕೂತುಬಿಟ್ಟೆ. "ಆಗಾಕಿಲ್ಲ ಕಣ್ಲಾ, ಮಂಡಿ ಇಡ್ಕಂಡದೆ." ಶುದ್ಧ ಸುಳ್ಳು. ಇವನು ಬೆಟ್ಟ ಬಿಟ್ಟು ನನ್ನ ಜೊತೆ ಇಳಿಯಲಿ ಅನ್ನುವುದಷ್ಟೇ ನನಗೆ ಬೇಕಾಗಿದ್ದದ್ದು.

ಅವನು ಬಂದು ನನ್ನ ಎಡಗಾಲಿನ ಮಂಡಿ ಒತ್ತಿ ನೋಡಿದ. "ಇಲ್ಲೇ ನೆಳ್ನಾಗೆ ಕೂತಿರು. ಸಾರು ಇಷ್ಟು ದೂರ ಬಂದವ್ರೆ, ತುದಿ ತೋರುಸ್ಬುಟ್ಟು ಬತ್ತೀನಿ," ಎಂದ. ಇಬ್ಬರೂ ಮಾತಾಡಿಕೊಂಡು ಹತ್ತಿಹೋದರು. ತಿರುವಿನಾಚೆಯಿಂದ ಅವನ ನಗು ಕೇಳಿಸಿತು.

ನಾನು ಓಡಿಕೊಂಡೇ ಬೆಟ್ಟ ಇಳಿದೆ. ಬೀಗ ತೆಗೆದು ನನ್ನ ಸೈಕಲ್ ಬಿಡಿಸಿಕೊಂಡೆ. ಉಳಿದೆರಡಕ್ಕೂ ಸೇರಿಸಿ ಸರಪಳಿ ಬಿಗಿದು, ಬೀಗ ಜಡಿದು, ಕೀಯನ್ನು ಜೇಬಿಗೆ ಹಾಕಿಕೊಂಡೆ. ಗೇರ್ ಸೈಕಲ್ಲಿನ ಸಾಹೇಬರು ನಡೆದುಕೊಂಡೇ ಬರಲಿ ಎಂದು ಒಂದೇ ಉಸಿರಿಗೆ ಊರಿನವರೆಗೆ ತುಳಿದೆ. ಬರುವಷ್ಟರಲ್ಲಿ ಸಿಟ್ಟು ಇಳಿದು ಹೆದರಿಕೆ ಹತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಂದೆ ತೆಂಗಿನಕಾಯಿ ತುಂಬಿದ ಟೆಂಪೋ ನಿಂತಿತು. ಗೆಳೆಯ ಎರಡು ಸೈಕಲ್ ಕೆಳಗಿಳಿಸಿದ. ಸರಪಳಿ, ಬೀಗ ಹಾಗೇ ಇದ್ದವು. ಓವರ್‌ಸೀಯರನ್ನು ಬಸ್ಸು ಹತ್ತಿಸಿ ಬಂದಿದ್ದನಂತೆ. ಸೈಕಲ್ ಶಾಪಿನವನಿಗೆ ಒಂದು ಬೀಗ ಒಡೆಯುವುದು ಎಷ್ಟರ ಕೆಲಸ? ಅವನು ಒಡೆದಿರಲಿಲ್ಲ. ಬೈಗುಳಕ್ಕೆ ತಯಾರಾಗಿ ಜಗಲಿಯ ಮೇಲೆ ನಿಂತಿದ್ದೆ.

"ಮಂಡಿ ಎಂಗದೆಲಾ?" ಎಂದ. "ಅಷ್ಟ್ ನೋವಲ್ಲೂ ನಮ್ ಗಾಡಿ ಯಾರೂ ಕದೀಬಾರ್ದು ಅಂತ ಬೀಗ ಆಕ್ಬುಟ್ಟು ಬಂದಿದ್ದೀಯಲ್ಲ. ಬಸ್ಸಿನ್ ಮ್ಯಾಲೆ ಆಕ್ಕಂಡ್ ಬಂದ್ಯಾ ಸೈಕಲ್ನ?"

"ಹೂಂ," ಎಂದೆ.

"ನಂಗೆ ನಿಂದೇ ಗ್ಯಾನ. ಅರ್ಧಕ್ಕೇ ಸಾರ್‌ನ ಕರ್ಕಂಡು ಇಳ್ದ್‌ಬುಟ್ಟೆ. ನೋಡುದ್ರೆ ನೀನೇ ಇಲ್ಲ."

ಅವನು ಮನೆಗೆ ಹೋಗಿ ಅಮ್ಮಿ ಕಾಯಿಸಿಕೊಟ್ಟ ಎಣ್ಣೆ ತಂದ. ಜಗಲಿಯ ಮೇಲೆ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀವಿದ. ನಿಜ ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಏನೂ ಆಗದ ಮಂಡಿಗೆ ಅವನ ಕೈ ಎಷ್ಟು ಹಿತವಾಗಿತ್ತೆಂದರೆ, ಹೇಳಲಿಲ್ಲ.

ಎದ್ದು ಹೊರಡುವಾಗ ಅವನೇ ಹೇಳಿದ. "ಇನ್ನು ನೀನು ಬೆಟ್ಟದ್ ಆಸೆ ಬುಟ್ಬುಡು. ಕಾಲು ಮುಖ್ಯ. ಕೋಟೆಬೆಟ್ಟಕ್ಕೆ ಬರೋ ವಾರ ಸಾರ್ ಜೊತೆ ಓಗ್ಬತ್ತೀನಿ. ಆ ಕೀ ಕೊಡು, ಅವ್ರತ್ರನೇ ಇರ್ಲಿ."

ಕೊಟ್ಟೆ.

ಆಮೇಲೆ ಎಷ್ಟೋ ಭಾನುವಾರ ಅವರಿಬ್ಬರೂ ನಮ್ಮ ಮನೆ ಮುಂದೆ ಹಾದುಹೋಗುತ್ತಿದ್ದರು. ಅವನು ಬೆಲ್ ಹೊಡೆದು, "ಮಂಡಿ ಉಸಾರು ಕಣ್ಲಾ," ಎಂದು ಕೂಗುತ್ತಿದ್ದ. ನಾನು ಕೈ ಎತ್ತಿ, ಎಡಗಾಲು ಎಳೆದುಕೊಂಡು ಒಳಗೆ ಹೋಗುತ್ತಿದ್ದೆ.